ಮೈದಾನ ಅಷ್ಟೇ ಇದೆ, ಜಾಗ ಕಡಿಮೆಯಾಗಿದೆ

1954ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಆಸ್ಟ್ರಿಯಾ 7–5ರಿಂದ ಸ್ವಿಟ್ಜರ್ಲೆಂಡನ್ನು ಸೋಲಿಸಿತು. ಒಂದೇ ಪಂದ್ಯದಲ್ಲಿ ಹನ್ನೆರಡು ಗೋಲು! ಆ ವರ್ಷ 26 ಪಂದ್ಯಗಳಲ್ಲಿ ಬಂದ ಗೋಲುಗಳು 140, ಅಂದರೆ ಪಂದ್ಯಕ್ಕೆ ಐದಕ್ಕೂ ಹೆಚ್ಚು. 2022ರಲ್ಲಿ ಕತಾರ್‌ನಲ್ಲಿ ನಡೆದ 64 ಪಂದ್ಯಗಳಲ್ಲಿ ಬಂದದ್ದು 172, ಸರಾಸರಿ 2.69. ಹಳೆಯ ಆಟಗಾರರೇ ಗಟ್ಟಿಗರು ಎನ್ನುವವರು ಮೊದಲು ಮುಂದಿಡುವುದು ಈ ಲೆಕ್ಕವನ್ನೇ. ಲೆಕ್ಕ ಸರಿಯಾಗಿದೆ, ತೀರ್ಮಾನ ಮಾತ್ರ ತಪ್ಪು.

ಗೋಲಿನಲ್ಲಿ ಕಾಣುವುದು ಒಬ್ಬನ ಸಾಮರ್ಥ್ಯವಲ್ಲ, ಹೊಡೆಯುವವನಿಗೂ ತಡೆಯುವವನಿಗೂ ನಡುವಿನ ಅಂತರ. ತಲೆಮಾರುಗಳು ಕಳೆದಂತೆ ಚಿರತೆಯ ಓಟ ಹೆಚ್ಚಿದರೆ ಜಿಂಕೆಯ ಓಟವೂ ಹೆಚ್ಚುತ್ತದೆ; ದಿನದ ಕೊನೆಗೆ ಸಿಕ್ಕ ಬೇಟೆಯನ್ನಷ್ಟೇ ಎಣಿಸಿದವನಿಗೆ ಏನೂ ಬದಲಾದಂತೆ ಕಾಣುವುದಿಲ್ಲ. ಫುಟ್‌ಬಾಲ್‌ನಲ್ಲೂ ಹೀಗೇ ಆಗಿದೆ. ಒಂದು ಕಾಲಕ್ಕೆ ಮುಂದೆ ಐವರು, ಹಿಂದೆ ಇಬ್ಬರೇ ನಿಲ್ಲುತ್ತಿದ್ದರು. 1958ರಲ್ಲಿ ಗೆದ್ದ ಬ್ರೆಜಿಲ್ ಹಿಂದೆ ನಾಲ್ವರನ್ನು ನಿಲ್ಲಿಸಿತು. 1962ರಿಂದ 2022ರವರೆಗಿನ ಯಾವ ವಿಶ್ವಕಪ್‌ನಲ್ಲೂ ಸರಾಸರಿ ಮೂರು ಗೋಲು ಮುಟ್ಟಿಲ್ಲ.

ಆಟದ ವೇಗ ಹೆಚ್ಚಿರುವುದಂತೂ ನಿಜ. 1966ರಿಂದ 2010ರವರೆಗಿನ ಫೈನಲ್‌ಗಳನ್ನು ಅಳೆದು ನೋಡಿದ ಸಂಶೋಧಕರಿಗೆ ಚೆಂಡಿನ ಓಡಾಟದ ವೇಗ ಸುಮಾರು 15 ಶೇಕಡಾ, ನಿಮಿಷಕ್ಕೆ ಕೊಡುವ ಪಾಸ್‌ಗಳು ಸುಮಾರು 35 ಶೇಕಡಾ ಏರಿದ್ದು ಕಂಡುಬಂತು. ಆದರೆ ಅಂತರರಾಷ್ಟ್ರೀಯ ಮೈದಾನದ ಅಳತೆ ಇಂದಿಗೂ ಹೆಚ್ಚುಕಡಿಮೆ 105 ಮೀಟರ್ ಉದ್ದ, 68 ಮೀಟರ್ ಅಗಲ. ಕಣ್ಣು ಕಂಡದ್ದಕ್ಕೆ ಕಾಲು ಸ್ಪಂದಿಸಲು ಬೇಕಾಗುವ ಸೆಕೆಂಡಿನ ಐದನೇ ಒಂದು ಪಾಲಿನಷ್ಟು ಹೊತ್ತೂ ಅಷ್ಟೇ ಇದೆ. ಎದುರಾಳಿ ಬೇಗ ಮೈಮೇಲೆ ಬಂದಷ್ಟೂ ಚೆಂಡು ಸಿಕ್ಕವನಿಗೆ ಯೋಚಿಸಲು ಸಮಯ ಕಡಿಮೆ. ಹಳೆಯ ಪಂದ್ಯಗಳ ವಿಡಿಯೊ ನೋಡಿ: ಮಧ್ಯಮೈದಾನದಲ್ಲಿ ಚೆಂಡು ಹಿಡಿದವನು ತಲೆಯೆತ್ತಿ, ಸುತ್ತ ಕಣ್ಣಾಡಿಸಿ, ಆಮೇಲೆ ಒದೆಯುತ್ತಾನೆ. ಈಗ ಆ ಕಣ್ಣಾಡಿಸುವಿಕೆ ಚೆಂಡು ಬರುವ ಮೊದಲೇ ಮುಗಿದಿರಬೇಕು.

ನಿಯಮಗಳೂ ಆಟಗಾರರನ್ನು ತಿದ್ದಿವೆ. 1990ರ ವಿಶ್ವಕಪ್ ನೋಡಿದವರಿಗೆ ಆ ಬೇಸರ ಮರೆತಿರಲಿಕ್ಕಿಲ್ಲ. ಮುನ್ನಡೆ ಸಿಕ್ಕ ತಂಡ ಚೆಂಡನ್ನು ಹಿಂದಕ್ಕೆ ಗೋಲ್‌ಕೀಪರ್‌ಗೆ ತಳ್ಳುವುದು, ಆತ ಅದನ್ನು ಕೈಯಲ್ಲಿ ಹಿಡಿದು ಹೊತ್ತು ಕಳೆಯುವುದು. ಸರಾಸರಿ 2.21 ಗೋಲಿಗೆ ಕುಸಿಯಿತು. ತನ್ನ ತಂಡದವನು ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ ಎಂಬ ನಿಯಮ 1992ರಲ್ಲಿ ಬಂತು. 1994ರಲ್ಲಿ ಸರಾಸರಿ 2.71ಕ್ಕೆ ಏರಿತು. ಗೆಲುವಿಗೆ ಎರಡರ ಬದಲು ಮೂರು ಅಂಕ ಕೊಟ್ಟದ್ದೂ ಆ ವಿಶ್ವಕಪ್‌ನಲ್ಲೇ, ಹಾಗಾಗಿ ಪೂರ್ತಿ ಶ್ರೇಯಸ್ಸು ಒಂದೇ ನಿಯಮಕ್ಕೆ ಸಲ್ಲದು. ಆದರೆ ಕಾಲಿನಿಂದಲೂ ಪಾಸ್ ಕೊಡಬಲ್ಲ ಇಂದಿನ ಗೋಲ್‌ಕೀಪರ್ ಹುಟ್ಟಿದ್ದು ಅಲ್ಲಿಂದಲೇ ಎಂದು ನನ್ನ ಎಣಿಕೆ.

ಚೆಂಡಿನ ಕಥೆ ಇನ್ನೂ ಸ್ವಾರಸ್ಯದ್ದು. ಹಳೆಯ ಚರ್ಮದ ಚೆಂಡು ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು. ಅದಕ್ಕೆ ತಲೆ ಕೊಡಲು ಗುಂಡಿಗೆ ಬೇಕಿತ್ತು. 1970ರ ಚೆಂಡಿಗೆ 32 ತುಂಡುಗಳು, 2010ರ ಜಬುಲಾನಿಗೆ ಬರೀ ಎಂಟು. ಹೊಲಿಗೆ ಕಡಿಮೆಯಾದಷ್ಟೂ ಮೇಲ್ಮೈ ನುಣುಪು, ನುಣುಪಾದಷ್ಟೂ ಒಳ್ಳೆಯದು ಎನಿಸಬಹುದು. ಗಾಳಿಯ ಲೆಕ್ಕ ಬೇರೆ. ಒರಟು ಮೇಲ್ಮೈ ತನಗಂಟಿದ ಗಾಳಿಯ ತೆಳು ಪದರವನ್ನು ಕಲಕುತ್ತದೆ. ಕಲಕಿದ ಗಾಳಿ ಚೆಂಡಿಗೆ ಹೆಚ್ಚು ದೂರ ಅಂಟಿಕೊಂಡಿರುತ್ತದೆ, ಹಿಂದಿನ ಸುಳಿ ಚಿಕ್ಕದಾಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಗಾಲ್ಫ್ ಚೆಂಡಿಗೆ ಗುಳಿಗಳಿರುವುದೂ ಇದಕ್ಕೇ. ನುಣುಪು ಚೆಂಡಿನಲ್ಲಿ ಈ ಬದಲಾವಣೆಗೆ ಹೆಚ್ಚು ವೇಗ ಬೇಕು. ಜಬುಲಾನಿಯಲ್ಲಿ ಆ ವೇಗ ಫ್ರೀ ಕಿಕ್‌ನ ವೇಗದ ಆಸುಪಾಸಿಗೇ ಬಂದುಬಿಟ್ಟಿತು. ಸುತ್ತದೆ ಹಾರುವ ಚೆಂಡಿನ ಒಂದು ಪಕ್ಕದಲ್ಲಿ ಗಾಳಿ ಅಂಟಿ, ಇನ್ನೊಂದು ಪಕ್ಕದಲ್ಲಿ ಬಿಟ್ಟು, ಚೆಂಡು ನಡುದಾರಿಯಲ್ಲಿ ಓಲಾಡತೊಡಗಿತು. ಗೋಲ್‌ಕೀಪರ್‌ಗಳು ಕಂಗಾಲಾದರು. 2014ರ ಬ್ರಜೂಕಾಗೆ ತುಂಡುಗಳು ಆರೇ ಆದರೂ ಹೊಲಿಗೆಯ ಒಟ್ಟು ಉದ್ದ ಹೆಚ್ಚಿತ್ತು, ಮೇಲ್ಮೈ ತರಿತರಿಯಾಗಿತ್ತು, ಓಲಾಟ ತಗ್ಗಿತು.

ಇನ್ನು ಪೆಲೆ ದೊಡ್ಡವರೋ ಮೆಸ್ಸಿ ದೊಡ್ಡವರೋ ಎಂಬ ಜಗಳ. 1966ರಲ್ಲಿ ಪೋರ್ಚುಗಲ್‌ನವರು ಪೆಲೆಯ ಕಾಲಿಗೆ ಒದ್ದಾಗ ತೋರಿಸಲು ಹಳದಿ ಕಾರ್ಡ್ ಇರಲಿಲ್ಲ, ಬದಲಿ ಆಟಗಾರನನ್ನು ಇಳಿಸುವ ಅವಕಾಶವೂ ಇರಲಿಲ್ಲ. ಅವರು ಕುಂಟುತ್ತಲೇ ಆಡಿದರು. ವಿಶ್ವಕಪ್‌ಗೆ ಅವೆರಡೂ ಬಂದದ್ದು ನಾಲ್ಕು ವರ್ಷಗಳ ನಂತರ.