ರನ್‌ಟೈಮ್: ಟಾರ್ಚ್ ಡಬ್ಬಿ ಮೇಲಿನ ತಾಸಿನ ಲೆಕ್ಕ

ಬೆಳಗಾವಿಯ ಖಡೇ ಬಜಾರ್ ಇರಲಿ, ಜಮಖಂಡಿಯ ಸಂತೆ ಇರಲಿ, ಚಾರ್ಜಿಂಗ್ ಟಾರ್ಚ್ ಡಬ್ಬಿಯ ಮೇಲೆ ಎರಡು ಅಂಕಿ ಎದ್ದು ಕಾಣುತ್ತವೆ. ಒಂದು ಬೆಳಕಿನದು (ಅದರ ಅಳತೆ ಲುಮೆನ್), ಇನ್ನೊಂದು ತಾಸಿನದು. ‘1200 ಲುಮೆನ್, 60 ತಾಸು’ ಎಂದೇ ಇಟ್ಟುಕೊಳ್ಳಿ. ಅಂಗಡಿಯವರು ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಾರೆ: “ಒಮ್ಮೆ ಚಾರ್ಜ್ ಮಾಡ್ರಿ ಅಣ್ಣಾರ, ವಾರಗಟ್ಲೆ ಚಿಂತಿ ಇಲ್ಲ.” ಎರಡೂ ಅಂಕಿ ನಿಜವೇ ಇರಬಹುದು. ಆದರೆ 1200 ಲುಮೆನ್ ಬರುವುದು ಟರ್ಬೊ ಮೋಡ್‌ನಲ್ಲಿ, ಅಂದರೆ ಅತಿ ಜೋರು ಬೆಳಕಿನಲ್ಲಿ, ಅದೂ ಕೆಲವೇ ನಿಮಿಷ. 60 ತಾಸು ಬರುವುದು ಲೋ ಮೋಡ್‌ನಲ್ಲಿ, ಕೈಯಲ್ಲಿರುವ ಚೀಟಿ ಓದಲು ಸಾಕಾಗುವಷ್ಟು ಬೆಳಕಿನಲ್ಲಿ.

ಈ ತಾಸಿನ ಅಂಕಿಗೆ ಡಬ್ಬಿಯ ಮೇಲೆ ಇರುವ ಹೆಸರು ರನ್‌ಟೈಮ್. ಬ್ಯಾಟರಿ ಪೂರ್ತಿ ಖಾಲಿಯಾಗಿ ಟಾರ್ಚ್ ಆರುವವರೆಗಿನ ಹೊತ್ತು ಎಂದು ನಾವು ತಿಳಿಯುತ್ತೇವೆ, ಅಲ್ವಾ? ಅಳೆಯುವವರ ಲೆಕ್ಕ ಬೇರೆ. ಟಾರ್ಚ್‌ಗಳನ್ನು ಅಳೆಯಲು ಅಮೆರಿಕದಲ್ಲಿ 2009ರಲ್ಲಿ ಎಫ್‌ಎಲ್ 1 ಎಂಬ ಮಾನದಂಡ ಬಂತು. ಒಳ್ಳೆಯ ಕಂಪನಿಗಳು ಇಂದಿಗೂ ಅದನ್ನೇ ಹಿಡಿದು ಅಂಕಿ ಕೊಡುತ್ತವೆ. ಅದರ ಪ್ರಕಾರ ಟಾರ್ಚ್ ಹಚ್ಚಿ 30 ಸೆಕೆಂಡ್ ಬಿಟ್ಟು ಬೆಳಕು ಅಳೆಯಬೇಕು. ಆ ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವ ತನಕದ ಹೊತ್ತೇ ರನ್‌ಟೈಮ್.

ಹತ್ತರಲ್ಲಿ ಒಂದು ಪಾಲು ಎಂಬಲ್ಲಿ ಸ್ವಲ್ಪ ನಿಲ್ಲಿ. 1000 ಲುಮೆನ್ ಟಾರ್ಚ್ 100 ಲುಮೆನ್‌ಗೆ ಇಳಿದರೂ ಲೆಕ್ಕದಲ್ಲಿ ಅದು ‘ಓಡುತ್ತಲೇ’ ಇದೆ. ಜೋರು ಬೆಳಕಿನಲ್ಲಿ ಎಲ್‌ಇಡಿ ಬೇಗ ಬಿಸಿಯಾಗುತ್ತದೆ. ಸುಡಬಾರದು ಎಂದು ಒಳಗಿನ ಸರ್ಕ್ಯೂಟ್ ಮೂರೋ ಐದೋ ನಿಮಿಷಕ್ಕೆ ತಾನೇ ಬೆಳಕು ಇಳಿಸುತ್ತದೆ. ಹೀಗೆ 1000ದಿಂದ 200ಕ್ಕೆ ಇಳಿದು, ಅಲ್ಲೇ ನಾಲ್ಕು ತಾಸು ನಿಂತರೆ, ಡಬ್ಬಿಯ ಮೇಲೆ ‘1000 ಲುಮೆನ್, 4 ತಾಸು’ ಎಂದು ಬರೆಯಬಹುದು. ನಿಯಮದ ಪ್ರಕಾರ ಸುಳ್ಳೇನಲ್ಲ. ಕೊಂಡವರಿಗೆ ಸಿಕ್ಕಿದ್ದು ಮಾತ್ರ 200 ಲುಮೆನ್ ಟಾರ್ಚ್. ನನ್ನ ಪ್ರಕಾರ ಈ ನಿಯಮ ತಯಾರಕರಿಗೇ ಜಾಸ್ತಿ ಅನುಕೂಲ. ಅರ್ಧಕ್ಕೆ ಇಳಿಯುವ ಹೊತ್ತನ್ನೂ ಪಕ್ಕದಲ್ಲಿ ಕೊಡಬೇಕಿತ್ತು.

ನಿಯಮವನ್ನೇ ಪಾಲಿಸದ ಡಬ್ಬಿಗಳನ್ನು ಪರೀಕ್ಷಿಸಲು ಒಂದು ಸಣ್ಣ ಗುಣಾಕಾರ ಸಾಕು. ಇಂದಿನ ಎಲ್‌ಇಡಿ ಟಾರ್ಚ್ ಒಂದು ವಾಟ್‌ಗೆ ಸುಮಾರು 100 ಲುಮೆನ್ ಕೊಡುತ್ತದೆ ಎಂದು ಹಿಡಿಯಿರಿ. 1200 ಲುಮೆನ್‌ಗೆ 12 ವಾಟ್ ಬೇಕು. 60 ತಾಸಿಗೆ 720 ವಾಟ್-ಅವರ್ (ವಾಟನ್ನು ತಾಸಿನಿಂದ ಗುಣಿಸಿದ್ದು). ಅಷ್ಟು ಶಕ್ತಿ ಇರುವುದು 12 ವೋಲ್ಟ್, 60 ಎಎಚ್‌ನ (ಆಂಪಿಯರ್-ಅವರ್) ಕಾರ್ ಬ್ಯಾಟರಿಯಲ್ಲಿ! ಟಾರ್ಚ್ ಒಳಗಿರುವುದು ಬೆರಳುದ್ದದ 18650 ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. 2600 ಎಂಎಎಚ್ (ಅಂದರೆ 2.6 ಎಎಚ್) ಇದ್ದರೆ ಸುಮಾರು 9.5 ವಾಟ್-ಅವರ್. ಅಂದರೆ 1200 ಲುಮೆನ್‌ನಲ್ಲಿ ಮುಕ್ಕಾಲು ತಾಸು, 100 ಲುಮೆನ್‌ನಲ್ಲಿ ಒಂಬತ್ತು ತಾಸಿನ ಹತ್ತಿರ. ತೊಟ್ಟಿಯ ನೀರು ಅಷ್ಟೇ, ಪೈಪ್ ದಪ್ಪ ಮಾಡಿದರೆ ಬೇಗ ಬರಿದಾಗುತ್ತದೆ. ಇನ್ನು, ಇದೇ ಅಳತೆಯ ಸೆಲ್ ಮೇಲೆ ‘9900 ಎಂಎಎಚ್’ ಎಂದು ಅಚ್ಚಾಗಿದ್ದರೆ ಬೇರೆ ಲೆಕ್ಕವೇ ಬೇಡ. ಒಳ್ಳೆಯ 18650 ಸೆಲ್‌ಗಳೂ ಸಾಮಾನ್ಯವಾಗಿ 3500ರ ಆಸುಪಾಸಿನಲ್ಲೇ ನಿಲ್ಲುತ್ತವೆ.

ಮೋಡ್‌ಗಳ ಹೆಸರಿನಲ್ಲೂ ಗೊಂದಲವಿದೆ. ಲೋ, ಮೀಡಿಯಂ, ಹೈ, ಟರ್ಬೊ ಎಂದರೆ ಇಷ್ಟೇ ಬೆಳಕು ಎಂಬ ಕಟ್ಟಳೆ ಎಲ್ಲೂ ಇಲ್ಲ. ಒಬ್ಬರ ಲೋ 5 ಲುಮೆನ್, ಇನ್ನೊಬ್ಬರ ಲೋ 150. ಕಣ್ಣೂ ನಮಗೆ ಸಹಾಯ ಮಾಡುವುದಿಲ್ಲ. ಬೆಳಕು ಎರಡು ಪಟ್ಟು ಕಾಣಬೇಕಾದರೆ ಲುಮೆನ್ ಸುಮಾರು ನಾಲ್ಕು ಪಟ್ಟು ಆಗಬೇಕು. ಹಾಗಾಗಿ ಹೈ ಮತ್ತು ಟರ್ಬೊ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಸಣ್ಣದು, ಬ್ಯಾಟರಿಗೆ ಬೀಳುವ ಹೊರೆ ದೊಡ್ಡದು. (ಬಂದ್ ಮಾಡಬೇಕೆಂದರೆ ಸ್ಟ್ರೋಬ್ ಮೋಡ್ ದಾಟಿಯೇ ಹೋಗಬೇಕಾದ ಟಾರ್ಚ್‌ಗಳಿವೆ. ಮಧ್ಯರಾತ್ರಿ ಬದುವಿನ ಮೇಲೆ ಆ ಪಟಪಟ ಬೆಳಕು ಯಾರಿಗೆ ಬೇಕೋ!)

ನಮ್ಮ ಕಡೆ ಇದು ಬರೀ ಅಂಕಿಯ ಮಾತಲ್ಲ. ಮುಧೋಳ, ಜಮಖಂಡಿ ಸುತ್ತಿನ ಕಬ್ಬಿಗೆ, ಇಂಡಿಯ ನಿಂಬೆ ತೋಟಕ್ಕೆ ರಾತ್ರಿ ಪಾಳಿಯ ತ್ರೀಫೇಸ್ ಕರೆಂಟ್ ಬಂದಾಗಲೇ ನೀರು ಹಾಯಿಸಬೇಕು. ಕಬ್ಬಿನ ಸಾಲಿನಲ್ಲಿ ಕೊಳಕುಮಂಡಲ ಹಾವು ಇದ್ದೀತು. ಕಾಲಿಡುವ ಮುಂಚೆ ನೆಲ ಕಾಣಬೇಕು. ಇದಕ್ಕೆ 100 ಲುಮೆನ್ ಧಾರಾಳ ಸಾಕು, ಆದರೆ ಪಾಳಿ ಮುಗಿಯುವ ತನಕ ಅದು ಇಳಿಯಬಾರದು. ಹಾಗಾಗಿ ಇಲ್ಲಿನ ರೈತರು ನೋಡಬೇಕಾದದ್ದು ಮೀಡಿಯಂ ಮೋಡ್‌ನ ರನ್‌ಟೈಮ್. ಬಹಳಷ್ಟು ಡಬ್ಬಿಗಳಲ್ಲಿ ಬಿಟ್ಟುಹೋಗುವ ಅಂಕಿಯೂ ಅದೇ.

ಅಂದರೆ ಒಳ್ಳೆಯ ಲೇಬಲ್ ಎಂದರೆ ಒಂದು ಸಣ್ಣ ಕೋಷ್ಟಕ. ಪ್ರತಿ ಮೋಡ್‌ಗೂ ಒಂದು ಸಾಲು, ಆ ಸಾಲಿನಲ್ಲೇ ಅದರ ಲುಮೆನ್, ಅದರ ತಾಸು. ಯಾವ ಸೆಲ್ ಹಾಕಿ ಅಳೆದದ್ದು ಎಂಬುದೂ ಇರಬೇಕು. ‘60 ತಾಸಿನವರೆಗೆ’ ಎಂದು ಬರೆದು ಮೋಡ್ ಹೇಳದಿದ್ದರೆ ಆ ಅಂಕಿ ಕೆಳಗಿನ ಮೋಡ್‌ನದು ಎಂದೇ ತಿಳಿಯಿರಿ.

ಅದೇ ಡಬ್ಬಿಯಲ್ಲಿ ‘2 ಕಿಲೋಮೀಟರ್’ ಎಂಬ ದೂರವೂ ಇರುತ್ತದೆ. ಎಫ್‌ಎಲ್ 1 ಪ್ರಕಾರ ದೂರ ಎಂದರೆ ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗ (ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ಅದು ಹೆಚ್ಚುಕಮ್ಮಿ ಬಯಲಿನ ಹುಣ್ಣಿಮೆ ಬೆಳಕು. 200 ಮೀಟರ್‌ಗೆ 10,000 ಕ್ಯಾಂಡೆಲಾ (ಒಂದು ದಿಕ್ಕಿಗೆ ಹೋಗುವ ಬೆಳಕಿನ ಜೋರಿನ ಅಳತೆ) ಸಾಕು, 2 ಕಿಲೋಮೀಟರ್‌ಗೆ 10 ಲಕ್ಷ ಬೇಕು. ಅಂಗಿ ಜೇಬಿಗೆ ಹೋಗುವ ಸಾದಾ ಟಾರ್ಚ್‌ಗೆ ಅದು ಆಗುವ ಮಾತಲ್ಲ.

ಕೊಂಡ ಮೇಲೆ ಮನೆಯಲ್ಲೇ ರನ್‌ಟೈಮ್ ನೋಡಬಹುದು. ಪೂರ್ತಿ ಚಾರ್ಜ್ ಮಾಡಿ, ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಮಾಳಿಗೆ ಕಡೆ ಮುಖ ಮಾಡಿ ನಿಲ್ಲಿಸಿ. ಪಕ್ಕದಲ್ಲಿ ಮೊಬೈಲ್ ಇಟ್ಟು, ಲಕ್ಸ್ ಅಳೆಯುವ ಉಚಿತ ಆ್ಯಪ್ ಹಚ್ಚಿ. ಅರ್ಧ ನಿಮಿಷಕ್ಕೆ ಎಷ್ಟಿತ್ತು ಬರೆದುಕೊಳ್ಳಿ, ಆಮೇಲೆ ಹತ್ತು ನಿಮಿಷಕ್ಕೊಮ್ಮೆ. ಮೊಬೈಲಿನ ಲಕ್ಸ್ ಪಕ್ಕಾ ಇರಲಿಕ್ಕಿಲ್ಲ, ಆದರೆ ಅರ್ಧಕ್ಕೆ ಯಾವಾಗ ಇಳಿಯಿತು, ಹತ್ತನೇ ಒಂದಕ್ಕೆ ಯಾವಾಗ ಇಳಿಯಿತು ಎಂಬುದು ಸುಮಾರಾಗಿ ಸಿಗುತ್ತದೆ. ಕಣ್ಣಂದಾಜು ನೆಚ್ಚಬೇಡಿ. ಮೆಲ್ಲಗೆ ಇಳಿಯುವ ಬೆಳಕಿಗೆ ಕಣ್ಣು ಒಗ್ಗಿಬಿಡುತ್ತದೆ. ಟಾರ್ಚನ್ನು ಹಾಸಿಗೆ ಮೇಲೆ ಮಾತ್ರ ಇಡಬೇಡಿ, ಬಿಸಿಯಾಗುತ್ತದೆ.

ಪ್ಯಾಕ್ ಮಾಡಿ ಮಾರುವ ಸಾಮಾನಿನ ಮೇಲೆ ಎಂಆರ್‌ಪಿ, ತಯಾರಕರ ಅಥವಾ ಆಮದುದಾರರ ವಿಳಾಸ, ಗ್ರಾಹಕರು ದೂರು ಹೇಳುವ ವಿವರ ಇರಲೇಬೇಕು ಎನ್ನುತ್ತವೆ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳು. ರನ್‌ಟೈಮ್ ಆ ಪಟ್ಟಿಯಲ್ಲಿಲ್ಲ. ಆದರೆ ಡಬ್ಬಿಯ ಮೇಲೆ ಅಚ್ಚಾದ ಸುಳ್ಳು ಅಂಕಿಯನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಪ್ರಶ್ನಿಸಬಹುದು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಬಿಲ್ ಕೇಳಿ ಪಡೆಯಿರಿ, ಡಬ್ಬಿ ಬಿಸಾಡಬೇಡಿ. ಆ ‘60 ತಾಸು’ ಅಚ್ಚಾಗಿರುವುದು ಡಬ್ಬಿಯ ಮೇಲೆ, ಟಾರ್ಚ್ ಮೇಲಲ್ಲ.