ಊರೆಲ್ಲ ಒಪ್ಪಿದ್ದಾಗ ಅಜಲು ಸರಿಯಾಗಿತ್ತೇ?

ಪ್ರಶ್ನೆ: ಒಳಿತು ಕೆಡುಕುಗಳು ಜನರ ಒಪ್ಪಿಗೆಯಿಂದ ಹುಟ್ಟಿದವೇ, ಅಥವಾ ಯಾರು ಒಪ್ಪಲಿ ಬಿಡಲಿ ಅವು ನಿಜವೇ?

ಉತ್ತರ: ಒಪ್ಪಿಗೆಯ ಪಕ್ಷದವರು ಊರಿಂದೂರಿಗೆ ಬದಲಾಗುವ ಕಟ್ಟುಪಾಡುಗಳನ್ನು ತೋರಿಸುತ್ತಾರೆ. ಮಂಗಳೂರು, ಉಡುಪಿಯ ಓದುಗರಿಗೆ ಇದು ಹೊಸತಲ್ಲ: ಅಳಿಯಸಂತಾನದ ಬಂಟರಲ್ಲಿ ಆಸ್ತಿ ತಾಯಿಯ ಕವಲಿನಲ್ಲಿ ಇಳಿದರೆ, ನೆರೆಯ ಬ್ರಾಹ್ಮಣ ಕುಟುಂಬದಲ್ಲಿ ತಂದೆಯಿಂದ ಮಗನಿಗೆ ಹೋಗುತ್ತಿತ್ತು. ಇವುಗಳಲ್ಲಿ ಒಂದು ಅಧರ್ಮವೆನ್ನಲು ಕಾರಣವಿಲ್ಲ. ಇಂಥವು ರೂಢಿಯವು ಎಂದು ಧಾರಾಳವಾಗಿ ಬಿಟ್ಟುಕೊಡಬಹುದು.

ಅಜಲು ಪದ್ಧತಿಯನ್ನು ಮಾತ್ರ ಈ ಸಾಲಿಗೆ ಸೇರಿಸಲಾಗದು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕರಾವಳಿಯ ಬುಡಕಟ್ಟಿನವರಾದ ಕೊರಗರಿಗೆ ಉಣ್ಣಿಸಿ, ತಮ್ಮ ರೋಗ ಅನಿಷ್ಟಗಳು ಅವರಿಗೆ ದಾಟಿದವೆಂದು ನಂಬುತ್ತಿದ್ದ ಈ ಆಚರಣೆಯನ್ನು ಕರ್ನಾಟಕ 2000ದ ಕಾಯಿದೆಯಿಂದ ನಿಷೇಧಿಸಿತು. ತಪ್ಪು ಸರಿಗಳು ಸಮಾಜದ ಮೆಚ್ಚುಗೆಯಷ್ಟೇ ಆಗಿದ್ದರೆ, ಊರೆಲ್ಲ ಒಪ್ಪಿದ್ದ ಕಾಲದಲ್ಲಿ ಅಜಲು ಸರಿಯಾಗಿಯೇ ಇತ್ತು ಎನ್ನಬೇಕಾಗುತ್ತದೆ. 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆ ಕಟ್ಟಿ ಸ್ವಜಾತಿಯವರ ಬಹಿಷ್ಕಾರಕ್ಕೆ ಗುರಿಯಾದ ಕುದ್ಮುಲ್ ರಂಗರಾಯರು, ಬಹುಮತ ತಮ್ಮ ಕಡೆಗಿಲ್ಲದ ಕಾರಣಕ್ಕೇ, ತಪ್ಪು ದಾರಿ ಹಿಡಿದವರಾಗುತ್ತಾರೆ. ಈ ತೀರ್ಮಾನ ನನಗಂತೂ ಗಂಟಲಲ್ಲಿ ಇಳಿಯುವುದಿಲ್ಲ.

ಹಾಗಾದರೆ ಆ ಸತ್ಯ ನೆಲೆಸಿರುವುದೆಲ್ಲಿ? ನೈತಿಕ ಸತ್ಯಗಳಿದ್ದರೆ ಅವು ಜಗತ್ತಿನ ಬೇರಾವ ವಸ್ತುವನ್ನೂ ಹೋಲದ ವಿಚಿತ್ರ ವಸ್ತುಗಳಾಗಿರಬೇಕಾಗುತ್ತದೆ ಎಂದು ತತ್ತ್ವಜ್ಞಾನಿ ಜೆ. ಎಲ್. ಮ್ಯಾಕಿ 1977ರಲ್ಲಿ ಆಕ್ಷೇಪಿಸಿದರು. ಉಡುಪಿಯ ಮಧ್ವಾಚಾರ್ಯರಾದರೋ ವಿಷ್ಣುತತ್ತ್ವವಿನಿರ್ಣಯ ಗ್ರಂಥದಲ್ಲಿ, ಯಾರೂ ರಚಿಸದ ಅಪೌರುಷೇಯ ವಾಕ್ಯವನ್ನು, ಅಂದರೆ ವೇದವನ್ನು, ಒಪ್ಪದಿದ್ದರೆ ಎಲ್ಲ ಮತದವರೂ ಬಯಸುವ ಧರ್ಮವೇ ಸಿದ್ಧಿಸದು ಎಂದು ಬಹಳ ಹಿಂದೆಯೇ ವಾದಿಸಿದ್ದರು. ವೇದವನ್ನು ಪ್ರಮಾಣವೆಂದು ಒಪ್ಪದವರಿಗೆ ಈ ಪರಿಹಾರ ಸಾಲದು. ಆದರೆ ಮನುಷ್ಯರ ಮಾತಿನ ಮೇಲಷ್ಟೇ ಧರ್ಮ ನಿಲ್ಲದೆಂಬ ತೊಡಕನ್ನು ಮಧ್ವರು ಖಚಿತವಾಗಿ ಗುರುತಿಸಿದ್ದರು.

ನನ್ನ ಮಟ್ಟಿಗೆ, ಇಲ್ಲಿ ಎರಡು ವಾದಗಳು ಕಲಸಿಹೋಗಿವೆ. ನೋವು, ಅವಮಾನಗಳಿಗೆ ಅನುಭವಿಸುವ ಜೀವ ಬೇಕೇ ಬೇಕು. ಜೀವವೇ ಇಲ್ಲದ ಲೋಕದಲ್ಲಿ ತಪ್ಪೂ ಇರಲಾರದು. ಆ ಅರ್ಥದಲ್ಲಿ ನೈತಿಕತೆ ಮನಸ್ಸನ್ನು ಅವಲಂಬಿಸಿದೆ. ಆದರೆ ಉಂಡವನಿಗಾದ ಹಾನಿ ಉಣ್ಣಿಸಿದವನ ಮೆಚ್ಚುಗೆಯನ್ನು ಅವಲಂಬಿಸಿಲ್ಲ. ಉಂಡವರೂ ಅದನ್ನು ತಮ್ಮ ಕರ್ತವ್ಯವೆಂದೇ ತಿಳಿದಿದ್ದರೆ ಎಂದು ಕೇಳಬಹುದು. ನಿರಾಕರಿಸುವ ದಾರಿಯೇ ಇಲ್ಲದವರ ಸಮ್ಮತಿಯನ್ನು ಸಮ್ಮತಿಯೆಂದು ಎಣಿಸುವುದು ಕಷ್ಟ. ಅಭ್ಯಾಸವಾದ ಮಾತ್ರಕ್ಕೆ ಹಾನಿ ಅಳಿಯುವುದೂ ಇಲ್ಲ. ಇವೆಲ್ಲ ತಿಳಿದೂ ಪರರ ನೋವು ತನಗೇನು ಎನ್ನುವವನನ್ನು ಬಗ್ಗಿಸುವ ವಾದ ನನ್ನಲ್ಲಿಲ್ಲ. ಅವನನ್ನು ಬದಲಿಸಲಾಗದು ಎಂಬುದರಿಂದ ಅವನು ಮಾಡುತ್ತಿರುವುದು ಸರಿ ಎಂದು ಮಾತ್ರ ಸಿದ್ಧವಾಗುವುದಿಲ್ಲ.