ಸೋಮವಾರದಿಂದ ಬಿಡ್ತೀನಿ ಅನ್ನೋರಿಗೆ ಒಂದ್ ಮಾತು

ಬೆಳಗಾವಿ ಜಿಲ್ಲಾದಾಗ ತಂಬಾಕು ಬಿಡಿಸೋ ಕೌನ್ಸೆಲಿಂಗ್ ಮಾಡ್ತೀನ್ರಿ, ನಿಪ್ಪಾಣಿ ಕಡೆಯವರು ಭಾಳ ಬರ್ತಾರ. ಬೀಡಿ ತಂಬಾಕಿಗೇ ಹೆಸರಾದ ಊರದು, ಅಲ್ಲಿ ಬೀಡಿ ಬಿಡ್ರಿ ಅಂದ್ರ ಮೊದಲ ನಗ್ತಾರ, ಆಮೇಲೆ ಎಲ್ಲಾರೂ ಎದ್ದು ಹೋದಮ್ಯಾಲೆ ಒಬ್ಬಾಂವ ಮೆಲ್ಲಕ ಬಂದು "ಆ ಫೋನ್ ನಂಬರ್ ಏನಂದ್ರಿ?" ಅಂತಾನ.

ನಂಬರ್ 1800-11-2356, ಫ್ರೀ ಕಾಲ್, ತಂಬಾಕು ಬಿಡೋರಿಗೆ ಫೋನ್‌ನಾಗ ಸಲಹೆ ಕೊಡೋ ಸರ್ಕಾರಿ ಕ್ವಿಟ್‌ಲೈನ್ ಇದು. 2018ರ ಸೆಪ್ಟೆಂಬರ್‌ನಿಂದ ಪಾಕೀಟ್ ಮ್ಯಾಲೇ ಅಚ್ಚು ಹಾಕ್ತಾರ, ಆದ್ರ ನಮ್ಮ ಮಂದಿ ಪಾಕೀಟ್ ಎಲ್ಲಿ ತಗೋತಾರ್ರಿ, ಚಾ ಜೋಡಿ ಒಂದೊಂದ ಸಿಗರೇಟ್ ತಗೋತಾರ (ಹಂಗ ಬಿಡಿಬಿಡಿ ಮಾರೋದು ನಮ್ಮ ರಾಜ್ಯದಾಗ ಬಂದ್ ಐತಿ, ಆ ಮಾತು ಬ್ಯಾರೆ), ಹಿಂಗಾಗಿ ನಂಬರ್ ಪಾನ್ ಅಂಗಡಿಯವನ ಹತ್ರನ ಉಳೀತೈತಿ.

ಇನ್ನೊಂದು ಮಜಾ ಅಂದ್ರ ನಮ್ಮಲ್ಲಿ ಎಲ್ಲಾ ಆಣೆನೂ ಸೋಮವಾರನ ಚಾಲೂ ಆಗೋದು, ಶಿವನ ವಾರ ಅಂತ. ಕ್ವಿಟ್‌ಲೈನ್‌ಗೆ ಸೋಮವಾರನ ಸೂಟಿ! ಮಂಗಳವಾರದಿಂದ ರವಿವಾರ, ಮುಂಜಾನೆ 8ರಿಂದ ರಾತ್ರಿ 8ರ ತನಕ ಮಾಡ್ರಿ. ದಿಲ್ಲಿಯೊಳಗ 2016ರಾಗ ಚಾಲೂ ಆದದ್ದು, ಈಗ ನಮ್ಮ ಕಡೆದು ಬೆಂಗಳೂರಿನ ನಿಮ್ಹಾನ್ಸ್‌ನವರು ನೋಡ್ಕೋತಾರ, ಕನ್ನಡದಾಗ ಮಾತಾಡಬಹುದು.

ಫೋನ್ ಎತ್ತಿದವರು ಬೈಯಂಗಿಲ್ಲ, ದಂಡಾನೂ ಹಾಕಂಗಿಲ್ಲ (ಇದನ್ನ ಖರೇನ ಕೇಳ್ತಾರ). ಹೆಸರು, ವಯಸ್ಸು, ದಿನಕ್ಕ ಎಷ್ಟು, ಹಿಂದ ಬಿಟ್ಟು ನೋಡಿದ್ರೇನು ಇಷ್ಟ ಕೇಳ್ತಾರ. "ಎದ್ದ ಎಷ್ಟೊತ್ತಿಗೆ ಮೊದಲನೇದ್ದು ಸೇದ್ತೀರಿ" ಅಂತ ಕೇಳಿದ್ರ ಸುಳ್ಳು ಹೇಳಬ್ಯಾಡ್ರಿ, ಐದು ನಿಮಿಷದಾಗ ಬೇಕಾಗ್ತೈತಿ ಅಂದ್ರ ನಿಕೋಟಿನ್ ಗಟ್ಟಿ ಹಿಡದೈತಿ ಅಂತ ಅರ್ಥ, ಅಂಥವರಿಗೆ ಬರೀ ಮಾತು ಸಾಲದ ಇರಬಹುದು, ಅಗಿಯೋ ನಿಕೋಟಿನ್ ಗಮ್ಮೋ ಗುಳಿಗಿನೋ ಬೇಕಾಗ್ತೈತಿ, ಅದಕ್ಕ ಡಾಕ್ಟರ್ ಹತ್ರ ಹೋಗ್ರಿ. ಆಮೇಲೆ ಇಬ್ಬರೂ ಕೂಡಿ ಬಿಡೋ ತಾರೀಖು ಗೊತ್ತು ಮಾಡ್ತೀರಿ. ಅಷ್ಟಕ್ಕ ಹೆಸರು ಹಚ್ಚಿದಂಗ ಆತು ಅಂತ ತಿಳ್ಕೋತಾರ, ಅಲ್ಲೇ ಯಡವಟ್ಟಾಗೋದು.

ಯಾಕಂದ್ರ ಅಸಲಿ ಕೆಲಸ ಕ್ವಿಟ್‌ಲೈನ್‌ನವರು ತಿರುಗಿ ಫೋನ್ ಮಾಡಿದಾಗ ಇರೋದು. ಬಿಟ್ಟ ಮೊದಲ ಮೂರ್ನಾಕು ದಿನ ತಲಿ ಕೆಟ್ಟಂಗಾಗ್ತೈತಿ, ನಿದ್ದಿ ಬರಂಗಿಲ್ಲ, ಮನ್ಯಾಗ ಎಲ್ಲಾರ ಮ್ಯಾಲೂ ಸಿಟ್ಟು, ಅವಾಗನ ಗೊತ್ತಿಲ್ಲದ ನಂಬರ್‌ನಿಂದ ಕಾಲ್ ಬಂದ್ರ ಲೋನಿನವರು ಅಂತ ಕಟ್ ಮಾಡ್ತಾರ. ಸಕ್ಕರಿ ಫ್ಯಾಕ್ಟರಿಯೊಳಗ ಕೆಲಸ ಮಾಡೋ ಒಬ್ಬರು ಹಿಂಗ ಮೂರು ಸಲ ಕಟ್ ಮಾಡಿ, ಮತ್ತ ಸೇದಾಕ ಹತ್ತಿ, ನನ್ನ ಮುಂದ ಬಂದು "ಅವರು ಮರತಬಿಟ್ರು ಮೇಡಂ" ಅಂದ್ರು. ಮೊಬೈಲ್ ತಗೊಂಡು ನೋಡಿದ್ವಿ, ಮಿಸ್ ಕಾಲ್ ಸಾಲಾಗಿ ಕುಂತಿದ್ದವು. ಅಲ್ಲೇ ನನ್ನ ಮುಂದನ ಮತ್ತ ಹಚ್ಚಿಸಿದೆ, ಇನ್ನೊಂದು ತಾರೀಖು ಹಿಡಿದ್ರು, ಈ ಸಲ ಹೆಂಡ್ತಿ ನಂಬರ್ರೂ ಬರಸ್ಯಾರ. ಅಕಿ ಆ ನಂಬರನ್ನ "ಬೀಡಿ ಅಕ್ಕಾರು" ಅಂತ ಸೇವ್ ಮಾಡ್ಕೊಂಡಾಳಂತ.